ಅಲ್ಯೂಮಿನಿಯಂ ಅಂಟುತ್ತದೆ

ಸದ್ದು ಬದಲಾಯಿತು — ಕೊರೆಯುವ ಸದ್ದಲ್ಲ ಇದು, ಕಿರುಚುವ ಸದ್ದು, ಡ್ರಿಲ್ಲಿನ ಬಿಟ್ ಕಡಿಯುತ್ತಿಲ್ಲ, ಬರೀ ಉಜ್ಜುತ್ತಿದೆ, ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಲೇ ಹೇಳಬಲ್ಲೆ, ಆದರೆ ಕೇಳುವವರು ಯಾರು, ಬಾಲ್ಕನಿಯಲ್ಲಿ ಅಪ್ಪ ಸಮೀಕ್ಷಾಳ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾರೆ, ಪಾರಿವಾಳ ಬರದಂತೆ ಬಲೆ ಕಟ್ಟಲು ಅಲ್ಯೂಮಿನಿಯಂ ಪಟ್ಟಿಗೆ ತೂತು ಹಾಕಬೇಕು, ರೈಲ್ವೆ ವರ್ಕ್‌ಶಾಪಿನಲ್ಲಿ ಆಯುಷ್ಯವೆಲ್ಲ ಕೊರೆದ ಕೈ ಈಗ ನಡುಗುತ್ತದೆ, ಅದಕ್ಕೇ ಸೊಸೆಗೆ ಕಲಿಸುತ್ತಿದ್ದಾರೆ, ಬಂದು ಎಂಟು ತಿಂಗಳಾಗದ ಸೊಸೆಗೆ. ತಮ್ಮ ಗಿರಿಧರ್ ಮಣಲಿಯ ಕಾರ್ಖಾನೆಗೆ ಡ್ಯೂಟಿಗೆ ಹೋಗಿದ್ದಾನೆ, ಮಗ ಇಲ್ಲದಿದ್ದರೆ ಸೊಸೆ, ಬ್ಯಾಂಕಿಗೆ ರಜೆ ಹಾಕಿ ಬಂದ ಮಗಳು ಕಾಫಿಗೆ. ಆಗ ನನಗೆ ಹನ್ನೊಂದು ವರ್ಷ, ಅವನಿಗೆ ಒಂಬತ್ತು, ಚೆನ್ನೈನ ಇದೇ ವೆಸ್ಟ್ ಮಾಂಬಲಂ, ಅಪ್ಪ ಅವನ ಮುಷ್ಟಿಯ ಮೇಲೆ ತಮ್ಮ ಮುಷ್ಟಿ ಇಟ್ಟು ಹೇಳುತ್ತಾರೆ, ಮೆತ್ತಗಿದೆ ಅಂತ ನಂಬಬೇಡ ಮರಿ, ಬಿಸಿಯಾದರೆ ಅಲ್ಯೂಮಿನಿಯಂ ಬಿಟ್‌ಗೆ ಅಂಟ್ಕೊಳ್ಳುತ್ತೆ, ಸ್ವಲ್ಪ ಕೊರಿ, ಹಿಂದಕ್ಕೆಳಿ, ಒರೆಸು, ಒಂದು ತೊಟ್ಟು ಸೀಮೆಎಣ್ಣೆ ಬಿಡು, ಆಮೇಲೆ ಮತ್ತೆ ಕೊರಿ — ಅವನು ಆಕಳಿಸುತ್ತಾನೆ, ನಾನು ಬಾಗಿಲಲ್ಲಿ ನಿಂತು ಒಂದೊಂದು ಮಾತನ್ನೂ ನುಂಗುತ್ತೇನೆ, ನಂಗೂ ಕೊಡಿ ಅಪ್ಪ, ಜಡೆ ಸಿಕ್ಕಿಕೊಳ್ಳುತ್ತೆ ಕಣೆ, ಒಳಗೆ ಹೋಗು. ಜಡೆ! ಸಮೀಕ್ಷಾಳದು ಸೊಂಟದವರೆಗಿದೆ, ಅವಳಿಗಾದರೆ, ಸುತ್ತಿ ಕ್ಲಿಪ್ ಹಾಕ್ಕೋ ಮಗೂ — ಮಗೂ, ನನ್ನನ್ನು ಹಾಗೆ ಕರೆದದ್ದು ಯಾವಾಗ.

ಲೋಟ ಹಿಡಿದು ಹೋದೆ. ಮಾಮಾ, ಉಳ್ಳೇ ಪೋಗಲೈ, ಒಳಗೇ ಹೋಗ್ತಿಲ್ಲ, ಅಂದಳು ಸಮೀಕ್ಷಾ. ಇನ್ನೂ ಸ್ವಲ್ಪ ಒತ್ತು ಮಗೂ, ಅಂದರು ಅಪ್ಪ, ಕಣ್ಣಿಗೆ ಪೊರೆ ಬಂದಿದೆ, ಅವರಿಗೆ ಕಾಣದು, ನನಗೆ ಕಂಡಿತು, ಬಿಟ್‌ನ ಎರಡೂ ತೋಡು ಅಲ್ಯೂಮಿನಿಯಂ ಅಂಟಿ ತುಂಬಿ ನುಣ್ಣಗಾಗಿವೆ, ಚೂರು ಹೊರಬರಲು ದಾರಿಯಿಲ್ಲ, ಒತ್ತಿದರೆ ಮುರಿಯುತ್ತದೆ, ನಿಲ್ಲಿಸು ಅಂದರೆ ಸಾಕು, ನಾಲಿಗೆಯ ತುದಿಗೆ ಬಂತು — ಬೇಡ, ಒತ್ತಲಿ, ಒಂದು ತೂತಾದರೂ ಕೆಡಲಿ, ಅಪ್ಪ ಒಂದೇ ಒಂದು ಸಲ ಅವಳಿಗೆ ಛೆ ಅನ್ನಲಿ, ನಾನದನ್ನು ಕೇಳಬೇಕು. ಕಾಫಿ ಆರುತ್ತೆ ಅಪ್ಪ, ಅಂದೆ, ಅಷ್ಟೆ. ಟಕ್ಕೆಂದಿತು, ಬಿಟ್ ಮುರಿಯಿತು, ಉಳಿದ ಮೋಟು ಜಾರಿ ಪಟ್ಟಿ ಹಿಡಿದಿದ್ದ ಅವಳ ಹೆಬ್ಬೆರಳನ್ನು ಸೀಳಿತು, ಅಮ್ಮಾ ಅಂದಳು, ಅಪ್ಪ ಛೆ ಅಂದರು — ತಮಗೇ, ನನ್ನ ತಪ್ಪು ಮಗೂ, ಈ ಹಾಳು ಕಣ್ಣು. ಅರಿಶಿನ ತಂದೆ, ಬಟ್ಟೆ ಕಟ್ಟಿದೆ, ಪರವಾಯಿಲ್ಲೈ ಅಕ್ಕಾ ಅಂತ ನಗುತ್ತಾಳೆ, ತುಟಿ ಬಿಳುಚಿದೆ, ಆದರೂ ನಗುತ್ತಾಳೆ, ಹಾಗೆ ನನ್ನ ನೋಡಿ ನಗಬೇಡ.

ಹೊಸ ಬಿಟ್ ಹಾಕಿದೆ, ಯಾರನ್ನೂ ಕೇಳಲಿಲ್ಲ, ಈಗ ಯಾರ ಮನೆಯಲ್ಲಿದೆ ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಪಕ್ಕದ ಗುರುತಿನಲ್ಲಿ ಕೊರೆದೆ, ಎಳೆದೆ, ಒರೆಸಿದೆ, ಕೊರೆದೆ, ತೂತು ಬಿತ್ತು. ಅಪ್ಪ ಅಂಚನ್ನು ಬೆರಳಲ್ಲಿ ಸವರಿದರು, ಯಾರೇ ನಿಂಗೆ ಕಲಿಸಿದ್ದು. ನೀವೇ. ನಾನಾ, ಯಾವಾಗ. ಗಿರಿಗೆ ಹೇಳಿಕೊಡುವಾಗ. ಅಪ್ಪ ಮುಂದಿನ ಗುರುತು ನನ್ನ ಕಡೆಗೆ ಬರುವ ಹಾಗೆ ಪಟ್ಟಿಯನ್ನು ಸರಿಸಿ ಹಿಡಿದರು, ಕೊರಿ ಊರ್ಮಿಳಾ, ಅಂದರು, ಇಪ್ಪತ್ತೆರಡು ವರ್ಷ ನಾನು ಕಾದದ್ದು ಇದಕ್ಕೇ ತಾನೆ, ಕೊರೆಯಬೇಕು, ಬೆರಳು ಸ್ವಿಚ್ಚಿನ ಮೇಲಿದೆ, ಒತ್ತಬೇಕು — ಪಟ್ಟಿಯಲ್ಲಿ ಸಿಕ್ಕಿಕೊಂಡ ಆ ಮುರಿದ ಮೊನೆ, ಅದರ ಸುತ್ತ ಅವಳ ರಕ್ತ, ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಇದೆ, ನನಗೆ ಕಂಡಿತ್ತು, ನಾನು ನೋಡುತ್ತ ನಿಂತಿದ್ದೆ, ಮುರಿದ ಮೊನೆ, ಸುತ್ತ ಕೆಂಪು, ಮುರಿದ ಮೊನೆ —