ಹೊಟ್ಟೆಯ ಮೇಲಿನ ಹೆಸರು

ನಾನು ಒಂದು ಸ್ಟೀಲಿನ ಡಬ್ಬಿ. ಅರ್ಧ ಕಿಲೋ ಶೇಂಗಾ ಚಟ್ನಿ ಹಿಡಿಯುತ್ತೇನೆ. ತಟ್ಟಿ ತಟ್ಟಿ ತುಂಬಿದರೆ ಇನ್ನೂ ಎರಡು ಹಿಡಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಒಂದು ತಗಡನ್ನು ಯಂತ್ರದ ಬಾಯಿಗೆ ಕೊಟ್ಟರು, ದಢ್ ಅಂತ ಒಂದು ಗುದ್ದು ಬಿತ್ತು, ನಾನಾದೆ. ಅದನ್ನೇನು ಹುಟ್ಟು ಅನ್ನುವುದು? ಅಂಥವರು ಆ ದಿನ ಸಾವಿರ ಜನ ಆದರು. ನಾನು ನಾನಾಗಿದ್ದು ಗದಗದ ಪಾತ್ರೆ ಅಂಗಡಿಯಲ್ಲಿ, ನೀಲಗಂಗವ್ವ ಎಂಬ ಅಜ್ಜಿ ನನ್ನ ಹೊಟ್ಟೆಯ ಮೇಲೆ ಹೆಸರು ಕೊರೆಸಿದ ದಿನ.

ಹೆಸರು ಕೊರೆಯುವ ಯಂತ್ರ ಟರ್ರ್ ಎಂದು ಮೈಯೆಲ್ಲ ನಡುಗಿಸುತ್ತದೆ. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆಸರಿಲ್ಲದ ಪಾತ್ರೆ ಮದುವೆ ಮನೆಯಲ್ಲಿ ಕಳೆದುಹೋಗುತ್ತದೆ, ಹೆಸರಿದ್ದದ್ದು ಎಲ್ಲಿದ್ದರೂ ಮನೆಗೆ ಬರುತ್ತದೆ ಎಂದು ಅಂಗಡಿಯವ ಹೇಳಿದ. ನಾನು ನಂಬಿದೆ. ಅಜ್ಜಿಗೆ ಓದು ಬರಹ ಬಾರದು. ಏನು ಬರೆದಿರಿ ಎಂದು ಅವಳು ಎರಡು ಸಲ ಕೇಳಿದಳು, ಅಂಗಡಿಯವ ಎರಡು ಸಲವೂ ಓದಿ ಹೇಳಿದ: ಕು. ಇಂಚರಾ ಹೊಂಬಳ, ಗದಗ. ಅಜ್ಜಿ ಬೆರಳಿನಿಂದ ಒಂದೊಂದೇ ಅಕ್ಷರ ಸವರಿ ನೋಡಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು.

ಇಂಚರಾ ಅವಳ ಮೊಮ್ಮಗಳು. ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಳು. ಭಾನುವಾರಗಳಂದು ಹುಬ್ಬಳ್ಳಿಗೆ ಹೋಗಿ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಆ ಬೇಸಿಗೆಯಲ್ಲಿ ಹೈಸ್ಕೂಲು ಮಕ್ಕಳನ್ನು ನೇರ ಸ್ಪೇನಿಗೇ ಕರೆದೊಯ್ದು, ಅಲ್ಲಿಯವರ ಮನೆಗಳಲ್ಲಿಟ್ಟು, ನಾಲ್ಕು ವಾರ ಬರೀ ಸ್ಪ್ಯಾನಿಷನ್ನೇ ಆಡಿಸಿ ಕಲಿಸುವ ಒಂದು ಏರ್ಪಾಟು ಇತ್ತು. ಅದಕ್ಕೆ ಅವಳು ಹೊರಟಿದ್ದಳು. ಅಲ್ಲಿ ಮಗು ಏನು ತಿಂದೀತು ಎಂಬ ಚಿಂತೆ ಅಜ್ಜಿಗೆ. ನನ್ನ ಹುಟ್ಟಿಗೆ ಆ ಚಿಂತೆಯೇ ಕಾರಣ.

ಚಟ್ನಿ ತುಂಬುವ ದಿನ ನಾನು ಅಜ್ಜಿಯ ಕೈಜಾರಿ ಕಟ್ಟೆಯ ಮೆಟ್ಟಿಲು ಉರುಳಿ ಬಿದ್ದೆ. ಹೆಸರಿನ ಪಕ್ಕದಲ್ಲೇ ಒಂದು ತಗ್ಗು ಬಿತ್ತು. ಅಜ್ಜಿ ಹೆಬ್ಬೆರಳಿಟ್ಟು ಒತ್ತಿ ನೋಡಿದಳು. ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಮೊಮ್ಮಗಳ ಚೀಲಕ್ಕೆ ನನ್ನನ್ನು ಹಾಕುವಾಗ ಅವಳು ಹೇಳಿದ್ದು ಇಷ್ಟು: "ಬರೂವಾಗ ಖಾಲಿ ಡಬ್ಬಿ ತರಬ್ಯಾಡ ಯವ್ವಾ. ಅವರ ಮನ್ಯಾಗಿಂದ ಏನರ ಹಾಕ್ಕೊಂಡ ಬಾ. ಏನೂ ಇಲ್ಲಂದ್ರ ಒಂದ ಹಿಡಿ ಸಕ್ರಿ."

ಸಾಲಮಾಂಕಾ ಎಂಬ ಊರು. ಹೊಂಬಣ್ಣದ ಕಲ್ಲಿನ ಮನೆಗಳು. ನಮ್ಮನ್ನಿಟ್ಟಿದ್ದು ಪಿಲಾರ್ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ಅದೇ ಕೋಣೆಯಲ್ಲಿ ಇನ್ನೊಬ್ಬ ಹುಡುಗಿ, ಹಿಮಬಿಂದು. ಕರ್ನೂಲಿನ ದರ್ಜಿ ಓಬುಲೇಶನ ಮಗಳು. ಇಡೀ ತಂಡದಲ್ಲಿ ಒಂದೇ ಒಂದು ಉಚಿತ ಸೀಟಿತ್ತು, ಅದನ್ನು ಪರೀಕ್ಷೆ ಬರೆದು ಗೆದ್ದು ಬಂದಿದ್ದಳು. ಕೊನೆಯ ವಾರದ ಪರೀಕ್ಷೆಯಲ್ಲೂ ಪಾಸಾದರೆ ಮುಂದೆ ಎರಡು ವರ್ಷ ತರಗತಿಯವರೇ ದುಡ್ಡಿಲ್ಲದೆ ಕಲಿಸುತ್ತಾರೆ. ದುಭಾಷಿ ಆಗಬೇಕೆಂದು ಅವಳ ಆಸೆ.

ಬಂದ ದಿನವೇ ಮಾರ್ತಾ ಟೀಚರು ಎಲ್ಲರ ಫೋನು ತೆಗೆದುಕೊಂಡು ಒಂದು ಕಾಗದಕ್ಕೆ ಸಹಿ ಹಾಕಿಸಿದರು. ನಾಲ್ಕು ವಾರ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ಊರಿಗೆ ವಾರಕ್ಕೊಂದು ಕಾಗದ, ಅಷ್ಟೆ. ಯಾರ ಬಳಿಯಾದರೂ ಫೋನು ಸಿಕ್ಕರೆ ಮುಂದಿನ ವಿಮಾನಕ್ಕೆ ವಾಪಸು. ಹಿಮಬಿಂದು ಆ ಮಾತನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಕಾಲು ಎಡವಿದಾಗಲೂ "ಅಮ್ಮಾ" ಅನ್ನಲಿಲ್ಲ. ನನಗೆ ನಗು ಬಂತು.

ಆ ಹುಡುಗಿಯೇ ಮೊದಲು ನನ್ನ ಹೊಟ್ಟೆ ಓದಿದ್ದು. ಕನ್ನಡದ ಅಕ್ಷರ, ತೆಲುಗಿನ ಅಕ್ಷರ ಅಕ್ಕತಂಗಿಯರಂತೆ ತಾನೇ. ತಲೆಕಟ್ಟು ಒಂದಿಷ್ಟು ಬೇರೆ. ಅವಳು ಬೆರಳಿಟ್ಟು ಇಂ, ಚ, ರಾ ಎಂದು ಓದಿ ತಲೆಯೆತ್ತಿ ಇಂಚರಾಳನ್ನು ನೋಡಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಬೇರೆ ಮಾತಾಡುವಂತಿಲ್ಲವಲ್ಲ, ನಕ್ಕೇ ಗೆಳತಿಯರಾದರು. ಇಂಚರಾಗೆ ಪಿಲಾರ್ ಹತ್ತಿರ ಬಾಯಿ ಬಿಡಲು ನಾಚಿಕೆ. ಅದಕ್ಕೆ ದಿನಾ ಊಟದ ಮೇಜಿಗೆ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದವಳೂ, ಇಡಬಹುದೇ ಎಂದು ಕೇಳುತ್ತಿದ್ದವಳೂ ಹಿಮಬಿಂದುವೇ. ಬ್ರೆಡ್ಡಿಗೆ ಎಣ್ಣೆ ಹಾಕಿ ಚಟ್ನಿ ಉದುರಿಸಿಕೊಂಡು ತಿನ್ನುವರು. ಪಿಲಾರ್ ಕೂಡ ಒಂದು ಚಿಟಿಕೆ ನಾಲಗೆಗೆ ಹಚ್ಚಿ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೈಚಾಚಿದಳು.

ಹತ್ತು ದಿನಕ್ಕೆ ನಾನು ಅರ್ಧ ಖಾಲಿಯಾದೆ. ಆಗ ನನ್ನ ಹೊಟ್ಟೆಗೆ ಬೇರೆಯದು ಬಂತು. ಇಂಚರಾ ಬೂಟಿನೊಳಗೆ ಒಂದು ಸಣ್ಣ ಬಟನ್ ಫೋನು ತಂದಿದ್ದಳು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚಟ್ನಿಯೊಳಗೆ ಹೂತಿಟ್ಟಳು. ಅನ್ನದ ಜೊತೆ ತಿನ್ನುವುದನ್ನು ಇಡುವ ಹೊಟ್ಟೆಯಲ್ಲಿ ಇಂಥದ್ದೇ ಎಂದು ನನಗೆ ಸಿಟ್ಟು ಬಂತು. ಆದರೆ ಹುಡುಗಿ ಹತ್ತು ದಿನದಿಂದ ದಿಂಬು ಒದ್ದೆ ಮಾಡುತ್ತಿದ್ದದ್ದನ್ನು ಕಂಡವನು ನಾನು. ಹೋಗಲಿ ಎಂದು ಹೊಟ್ಟೆಗೆ ಹಾಕಿಕೊಂಡೆ. ಮಧ್ಯಾಹ್ನ ಉಂಡ ಮೇಲೆ ಪಿಲಾರ್ ಕುರ್ಚಿಯಲ್ಲೇ ತೂಕಡಿಸುವ ಹೊತ್ತಿಗೆ ಇಂಚರಾ ಕಪಾಟಿನ ಬಾಗಿಲ ಮರೆಗೆ ಕೂತು ಅಜ್ಜಿಯ ಹತ್ತಿರ ಪಿಸಪಿಸ ಮಾತಾಡುವಳು. ಹಿಮಬಿಂದು ಬಾಗಿಲಲ್ಲಿ ಕಾವಲು ನಿಲ್ಲುವಳು. ತಾನು ಮಾತು ಮುರಿಯಲಿಲ್ಲ, ಮುರಿದವಳ ಗುಟ್ಟನ್ನೂ ಬಿಡಲಿಲ್ಲ. ಇದನ್ನು ನೀವು ನೆನಪಿಡಬೇಕು.

ನೀನಾಗಿ ಯಾವತ್ತೂ ಫೋನು ಮಾಡಬೇಡ ಎಂದು ಇಂಚರಾ ಅಜ್ಜಿಗೆ ಹೇಳಿಯೇ ಇದ್ದಳು. ಆದರೆ ಬಸವ ಜಯಂತಿಯ ದಿನ ಹೋಳಿಗೆ ಬೇಯಿಸುತ್ತಾ ಅಜ್ಜಿಗೆ ತಡೆಯಲಾಗಲಿಲ್ಲವಂತೆ. ಆ ಮಧ್ಯಾಹ್ನ ಮಾರ್ತಾ ಟೀಚರು ವಾರದ ಭೇಟಿಗೆ ಬಂದು ಕೋಣೆಯಲ್ಲೇ ಕೂತಿದ್ದರು. ಪಿಲಾರ್ ಹಣ್ಣು ಹೆಚ್ಚುತ್ತಿದ್ದಳು. ಫೋನು ಗುರ್ ಎಂದು ನಡುಗಿತು. ನಾನು ಸ್ಟೀಲು. ತಡೆದುಕೊಳ್ಳಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಮರದ ಹಲಗೆಯ ಮೇಲೆ ಟರಟರ ಕುಣಿದೆ, ಮುಚ್ಚಳ ಜಣಜಣ ಬಡಿದುಕೊಂಡಿತು. ಊರಿಗೇ ಡಂಗುರ ಸಾರಿದಂತಾಯಿತು. ಆ ದಿನದ ಮಟ್ಟಿಗೆ ಮೊದಲು ಕೈಕೊಟ್ಟವನು ನಾನೇ. ಒಪ್ಪಿಕೊಳ್ಳುತ್ತೇನೆ.

ಮಾರ್ತಾ ಮುಚ್ಚಳ ತೆಗೆದು, ಚಟ್ನಿ ಕೊಡವಿ, ಗುಂಡಿ ಒತ್ತಿದರು. ಅಜ್ಜಿಯ ದನಿ ಇಡೀ ಕೋಣೆಗೆ ಕೇಳಿತು: "ಯವ್ವಾ, ಉಂಡ್ಯೇನ? ಹೋಳಿಗಿ ಮಾಡೀನಿ. ನಿನ್ನ ಬಿಟ್ಟ ತಿನ್ನಾಕ ಮನಸ್ಸಾಗವಲ್ದು."

ಮಾರ್ತಾ ಫೋನನ್ನು ಇಬ್ಬರು ಹುಡುಗಿಯರ ನಡುವೆ ಹಿಡಿದರು. ಅಜ್ಜಿ ಮತ್ತೆ "ಯವ್ವಾ?" ಎಂದಳು. ಇಂಚರಾಳ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಅಜ್ಜಿಯೇ ಫೋನು ಇಟ್ಟಳು.

ಯಾರದು ಇದು ಎಂದು ಮಾರ್ತಾ ಕೇಳಿದರು. ಇಂಚರಾ ನೆಲ ನೋಡುತ್ತಾ "ನೋ ಎಸ್ ಮೀಯೋ" ಎಂದಳು. ನನ್ನದಲ್ಲ. ಬಂದಾಗಿನಿಂದ ಅವಳು ತಡವರಿಸದೆ ಆಡಿದ ಮೊದಲ ಸ್ಪ್ಯಾನಿಷ್ ಮಾತು ಅದು.

ಹಿಮಬಿಂದು ನನ್ನನ್ನು ಎತ್ತಿ ಮಾರ್ತಾ ಅವರ ಮುಂದೆ ಹಿಡಿದು, ಇಲ್ಲಿ ಅವಳ ಹೆಸರೇ ಇದೆ ನೋಡಿ ಎಂದು ಸ್ಪ್ಯಾನಿಷಿನಲ್ಲೇ ಹೇಳಿ, ಬೆರಳಿಟ್ಟು ಇಂ, ಚ, ರಾ ಎಂದು ಓದಿದಳು. ನನಗೆ ಜೀವ ಬಂದ ಹಾಗಾಯಿತು. ಹೆಸರಿದ್ದದ್ದು ಕಳೆಯುವುದಿಲ್ಲ ಎಂದು ಅಂಗಡಿಯವ ಹೇಳಿರಲಿಲ್ಲವೇ?

ಆಗ ಇಂಚರಾ ತಲೆಯೆತ್ತಿದಳು. "ಅವು ಅವಳ ಭಾಷೆಯ ಅಕ್ಷರಗಳು," ಎಂದಳು. "ನೋಡಿ, ಅವಳೇ ಓದಿದಳಲ್ಲ. ನನಗೆ ಓದಲು ಬರುವುದಿಲ್ಲ."

ನನಗೆ ಓದಲು ಬರುವುದಿಲ್ಲ. ತನ್ನ ಹೆಸರನ್ನು. ಅಜ್ಜಿ ಸವರಿ ಸವರಿ ನೋಡಿದ ಅಕ್ಷರಗಳನ್ನು. ಯಂತ್ರ ಕೊರೆದಾಗ ಆದ ನೋವು ಇದರ ಮುಂದೆ ಏನೂ ಅಲ್ಲ. ಮಾರ್ತಾಗೆ ಯಾವ ಅಕ್ಷರ ಯಾರದು ಎಂದು ಹೇಗೆ ತಿಳಿಯಬೇಕು? ಅವರು ಪಿಲಾರ್ ಕಡೆ ತಿರುಗಿದರು. ಪಿಲಾರ್ ಪಾಪ ಕಂಡದ್ದನ್ನೇ ಹೇಳಿದಳು: ದಿನಾ ಡಬ್ಬಿ ತರುತ್ತಿದ್ದವಳು ಹಿಮಬಿಂದು. ಹಿಮಬಿಂದು ಆಮೇಲೂ ಒಂದೆರಡು ಮಾತು ಹೇಳಿದಳು. ಸುಳ್ಳಿಗೆ ಇದ್ದ ಧೈರ್ಯ ಆ ನಿಜಕ್ಕೆ ಇರಲಿಲ್ಲ.

ಮೂರನೆಯ ದಿನ ಅವಳನ್ನು ಊರಿಗೆ ಕಳಿಸಿದರು. ಡಬ್ಬಿ ಅವಳದೆಂದು ತೀರ್ಮಾನವಾಗಿತ್ತಲ್ಲ, ನನ್ನನ್ನೂ ಅವಳ ಚೀಲಕ್ಕೇ ಹಾಕಿದರು. ಪಿಲಾರ್ ನನ್ನನ್ನು ತೊಳೆದು ಒರೆಸಿ, ಸಕ್ಕರೆ ಮೆತ್ತಿದ ಬಾದಾಮಿಯನ್ನು ತುಂಬಿಕೊಟ್ಟಳು. ಖಾಲಿ ಡಬ್ಬಿ ಕಳಿಸಬಾರದೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ಕಾಣೆ. ಇಂಚರಾ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗಿ ನೋಡಲಿಲ್ಲ.

ಕರ್ನೂಲಿನಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. ಒಂದು ತಿಂಗಳು ಹಿಮಬಿಂದು ಮನೆಯಿಂದ ಹೊರಗೆ ಹೋಗಲಿಲ್ಲ. ಫೋನು ತನ್ನದೆಂದು ಇಂಚರಾ ಒಂದು ಸಾಲು ಬರೆದುಕೊಟ್ಟರೆ ಮತ್ತೆ ಪರೀಕ್ಷೆಗೆ ಕೂರಿಸುವುದನ್ನು ಯೋಚಿಸುತ್ತೇವೆ ಎಂದು ತರಗತಿಯವರು ಹೇಳಿದ್ದರು. ಕೊನೆಗೆ ಓಬುಲೇಶ ಮಗಳನ್ನು ಹೊರಡಿಸಿದ. ಅವನು ಬಳ್ಳಾರಿಯಲ್ಲಿ ಕೆಲವು ವರ್ಷ ಹೊಲಿಗೆ ಮಾಡಿದ್ದವನು, ಕನ್ನಡ ಬರುತ್ತಿತ್ತು. ವಿಳಾಸ ಬೇಕಿರಲಿಲ್ಲ, ಹೆಸರೂ ಊರೂ ನನ್ನ ಹೊಟ್ಟೆಯ ಮೇಲೇ ಇದ್ದವು. ಹುಡುಗಿಯ ತಾಯಿ ಅರಿಸೆಲು ಕರಿದು ನನ್ನಲ್ಲಿ ತುಂಬಿದಳು. ನಮ್ಮ ಕಡೆಯ ಅತ್ರಾಸದಂಥದ್ದು.

ಗದಗದ ಮನೆಯಲ್ಲಿ ಆ ಹೊತ್ತಿಗೆ ಅಜ್ಜಿ ಮತ್ತು ಇಂಚರಾ ಇಬ್ಬರೇ. ಪಡಸಾಲೆಯ ಗೋಡೆಯ ಮೇಲೆ ಸ್ಪ್ಯಾನಿಷ್ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದರು. ಓಬುಲೇಶ ಕೈಮುಗಿದು, ಯಾರ ಮೇಲೂ ಸಿಟ್ಟಿಲ್ಲಮ್ಮ, ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದ. ಯಾವ ಫೋನು, ನನಗೇನೂ ಗೊತ್ತಿಲ್ಲ ಎಂದಳು ಇಂಚರಾ. ಹಿಮಬಿಂದು ಅವಳನ್ನೇ ನೋಡುತ್ತಾ ಕೂತಿದ್ದಳು.

ಅಜ್ಜಿಗೆ ಏನೊಂದೂ ಗೊತ್ತಿರಲಿಲ್ಲ. ಡಬ್ಬಿ ವಿಮಾನ ನಿಲ್ದಾಣದಲ್ಲಿ ಕಳೆಯಿತು ಎಂದು ಮೊಮ್ಮಗಳು ಹೇಳಿದ್ದಳು. ಅಜ್ಜಿ ನನ್ನನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಇದು ನಮ್ಮ ಡಬ್ಬಿ ಇದ್ದಂಗ ಐತಲ್ಲ. ನನಗಂತೂ ಓದಾಕ ಬರಂಗಿಲ್ಲ. ಏನ ಬರದೈತಿ ಓದವ್ವಾ."

ಇಂಚರಾ ನನ್ನನ್ನು ನೋಡಿದಳು. ನಾನು ಕಾದೆ. ಓದಿಬಿಡು ಮಗಳೇ, ಎಲ್ಲ ಮರೆಯುತ್ತೇನೆ ಎಂದುಕೊಂಡೆ.

"ಬ್ಯಾರೆ ಯಾರದೋ ಹೆಸರೈತಿ ಅಜ್ಜಿ," ಎಂದಳು ಅವಳು. "ನಮ್ಮದಲ್ಲ."

ಅಜ್ಜಿಯ ಹೆಬ್ಬೆರಳು ಆಗಲೇ ನನ್ನ ತಗ್ಗಿನಲ್ಲಿ ಕೂತಿತ್ತು. ಅವಳು ಬಹಳ ಹೊತ್ತು ಆ ಬೆರಳು ತೆಗೆಯಲಿಲ್ಲ. ಆಮೇಲೆ ಓಬುಲೇಶನಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದಳು. ಬಸವ ಜಯಂತಿಯ ದಿನ ಎಂದಾಗ ಕಣ್ಣು ಮುಚ್ಚಿಕೊಂಡಳು.

"ಹೋಳಿಗಿ ಮಾಡೀನಿ ಅಂದಾಕಿ ನಾನ," ಎಂದಳು. "ನೀ ಅಲ್ಲೇ ನಿಂತಿದ್ದ್ಯಾ?"

ಇಂಚರಾ ಅಳತೊಡಗಿದಳು, ಆದರೆ ಬರೆಯುತ್ತೇನೆ ಎನ್ನಲಿಲ್ಲ. ಅಜ್ಜಿ ಎದ್ದು ಹೋಗಿ, ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಇಟ್ಟುಕೊಂಡಿದ್ದ ಶಾಯಿಯ ಪ್ಯಾಡು ತಂದಳು. ಡಬ್ಬಿ ನಮ್ಮದು, ಫೋನಿನಲ್ಲಿ ಮಾತಾಡಿದವಳು ನಾನು, ಈ ಹುಡುಗಿಯದು ಏನೂ ತಪ್ಪಿಲ್ಲ ಎಂದು ಬರೀರಿ ಎಂದಳು. ಓಬುಲೇಶ ತನಗೆ ಬಂದ ಹಾಗೆ ಎರಡು ಪ್ರತಿ ಬರೆದ. ಅಜ್ಜಿ ಎರಡಕ್ಕೂ ಒತ್ತಿದಳು. ಆಮೇಲೆ ಅರಿಸೆಲುಗಳನ್ನು ತಟ್ಟೆಗೆ ತೆಗೆದು, ನನ್ನ ತುಂಬ ಶೇಂಗಾ ಚಟ್ನಿ ತುಂಬಿ, ಹಿಮಬಿಂದುವಿನ ಮಡಿಲಲ್ಲಿಟ್ಟಳು. ಇನ್ನು ಇದು ನಿನ್ನದೇ ಎಂದಳು. ಇಂಚರಾಳ ಕಡೆ ಅವಳು ನೋಡಲಿಲ್ಲ. ನಾನು ನೋಡಿದೆ. ಅಷ್ಟಾದರೂ ಅವಳು ನನ್ನನ್ನು ತಡೆದಾಳು ಎಂಬ ಆಸೆ ಹೊಸ್ತಿಲು ದಾಟುವ ತನಕ ಇತ್ತು.

ಎರಡು ತಿಂಗಳಿಗೆ ತರಗತಿಯವರ ಉತ್ತರ ಬಂತು. ಪತ್ರ ತಲುಪಿದೆ, ಆದರೆ ಉಚಿತ ಸೀಟನ್ನು ಬೇರೊಬ್ಬರಿಗೆ ಕೊಟ್ಟಾಗಿದೆ ಎಂದು ಬರೆದಿದ್ದರು. ಹಿಮಬಿಂದು ಸ್ಪ್ಯಾನಿಷ್ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದಳು. ಅದಾಗಿ ಎಷ್ಟೋ ವರ್ಷವಾಯಿತು, ಈಗ ಕರ್ನೂಲಿನಲ್ಲೇ ಒಂದು ಶಾಲೆಯಲ್ಲಿ ಟೀಚರು. ಒಗ್ಗರಣೆ ಸಿಡಿಯುವಾಗ ಒಮ್ಮೊಮ್ಮೆ ಉನೊ, ದೊಸ್, ತ್ರೆಸ್ ಎಂದು ಎಣಿಸಿ, ತಾನೇ ಸುಮ್ಮನಾಗುತ್ತಾಳೆ.

ನನಗೂ ವಯಸ್ಸಾಯಿತು. ಮುಚ್ಚಳ ಸಡಿಲ, ಪುಡಿ ಇಟ್ಟರೆ ಗಾಳಿ ಹೋಗುತ್ತದೆ. ಅದಕ್ಕೆ ನನ್ನನ್ನು ಅಡಿಗೆಮನೆಯ ಮೇಲಿನ ಹಲಗೆಯ ಮೂಲೆಗಿಟ್ಟಿದ್ದಾರೆ. ಒಳಗಿರುವುದು ಆ ಪತ್ರದ ಇನ್ನೊಂದು ಪ್ರತಿ ಮಾತ್ರ. ಅಜ್ಜಿಯ ಹೆಬ್ಬೆಟ್ಟಿನ ಶಾಯಿ ಇನ್ನೂ ಮಾಸಿಲ್ಲ.

ಮೊನ್ನೆ ಹಿಮಬಿಂದುವಿನ ಐದು ವರ್ಷದ ಮಗಳು ಕುರ್ಚಿ ಹತ್ತಿ ನನ್ನನ್ನು ಇಳಿಸಿದಳು. ಈಗಷ್ಟೇ ಅಕ್ಷರ ಕಲಿಯುತ್ತಿದ್ದಾಳೆ. ಬೆರಳಿಟ್ಟು ಇಂ, ಚ, ರಾ ಎಂದು ಓದಿ, ಇದು ಯಾರು ಎಂದು ಕೇಳಿದಳು. ಹಿಮಬಿಂದು ಕೈ ಒರೆಸಿಕೊಂಡು, "ನಾ ಸ್ನೇಹಿತುರಾಲು" ಎಂದಳು. ನನ್ನ ಗೆಳತಿ.

ಓದಲು ಬಾರದ ಅಜ್ಜಿ ಬೆರಳಿನಿಂದಲೇ ಆ ಹೆಸರನ್ನು ಓದಿದಳು. ಬೇರೆ ಭಾಷೆಯ ಈ ಮಗು ಕೂಡಿಸಿ ಕೂಡಿಸಿ ಓದಿತು. ಆ ಹೆಸರಿನವಳೊಬ್ಬಳು ಮಾತ್ರ ಓದಲಿಲ್ಲ.