ಕಿವಿ ಮೇಡಂ

ಒದ್ದೆ ಟವೆಲು ಹತ್ತು ನಿಮಿಷದಲ್ಲಿ ಗರಿಗರಿಯಾಗುವಂಥ ಬಿಸಿಲಿನಲ್ಲಿ ಅವರು ಮೊಣಕಾಲು ಮುಟ್ಟುವ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ದೋಣಿಗಳ ನಡುವೆ ಓಡಾಡುತ್ತಿದ್ದರು. ರಜೆಗೆಂದು ಬಂದ ನಾವೆಲ್ಲ ತೆಳುವಾದ ಅಂಗಿಯಲ್ಲೂ ಬೆವರುತ್ತಿದ್ದರೆ ಅವರೊಬ್ಬರು ಮಾತ್ರ ಯಾವುದೋ ಚಳಿಗಾಲದಿಂದ ಈಗಷ್ಟೇ ಎದ್ದು ಬಂದವರಂತೆ ಕಾಣುತ್ತಿದ್ದರು. ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಅವರನ್ನು ಸಮುದ್ರದ ಒಳಗೆ ಕರೆದುಕೊಂಡು ಹೋಗಿ, ಮತ್ತೆ ಮೇಲೆ ತರುವುದು ಇಪ್ಪತ್ತೆಂಟು ವರ್ಷಗಳಿಂದ ಅವರ ಕೆಲಸ. ಕೋಟಿನ ಬಗ್ಗೆ ಕೇಳಿದವರಿಗೆ, "ಮೈ ಒಣಗುತ್ತೆ, ಚಳಿ ಒಣಗಲ್ಲ," ಎನ್ನುತ್ತಿದ್ದರು. ನಡೆಯುವಾಗ ಮೊಣಕಾಲನ್ನು ಅಗತ್ಯಕ್ಕಿಂತ ಎತ್ತರಕ್ಕೆ ಎತ್ತಿ ಪಾದವನ್ನು ನಿಧಾನವಾಗಿ ಊರುತ್ತಿದ್ದರು. ಕಾಲಿಗೆ ಕಟ್ಟಿಕೊಳ್ಳುವ ರಬ್ಬರಿನ ರೆಕ್ಕೆಗಳನ್ನು ಬಿಚ್ಚಿಟ್ಟ ಸಂಗತಿ ಆ ಕಾಲುಗಳಿಗೆ ಇನ್ನೂ ತಿಳಿದಿಲ್ಲವೇನೋ ಎನಿಸುತ್ತಿತ್ತು.

ದೋಣಿ ನಡೆಸುವವರಿಂದ ಹಿಡಿದು ಪಕ್ಕದ ಹೋಟೆಲಿನ ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಕಿವಿ ಮೇಡಂ ಎಂದೇ ಕರೆಯುತ್ತಿದ್ದರು. ನೀರಿನಲ್ಲಿ ಕೆಳಗಿಳಿದಂತೆ ನೀರಿನ ಭಾರ ಕಿವಿಯ ಪರದೆಯನ್ನು ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನಿಂದ ಗಾಳಿ ಬಂದು, ಕಿವಿಯಲ್ಲಿ ಟಕ್ ಎಂದು, ಒತ್ತಡ ಸಮವಾಗುತ್ತದೆ. ನೆಗಡಿಯಾಗಿದ್ದರೆ ಆ ದಾರಿ ಮುಚ್ಚಿರುತ್ತದೆ, ಅಂಥವರು ಇಳಿಯಬಾರದು. ಇದನ್ನೆಲ್ಲ ಕೇಳುವ ಅಚ್ಚು ಹಾಕಿದ ಹಾಳೆಯೊಂದಿತ್ತು. ಎಲ್ಲರೂ ಓದದೆ 'ಇಲ್ಲ, ಇಲ್ಲ' ಎಂದು ಬರೆದು ಕೊಡುತ್ತಿದ್ದರು. ಮೇಡಂ ಆ ಹಾಳೆಗಳನ್ನು ಹಾಗೇ ಚಹಾದ ಕೆಟಲಿನ ಅಡಿಗೆ ತಳ್ಳಿ, ದೋಣಿ ಹೊರಟ ಮೇಲೆ ಒಬ್ಬೊಬ್ಬರ ಎದುರಿಗೂ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು: "ಮೂಗು ಹಿಡ್ಕೊಳ್ಳಿ. ಊದಿ. ಬಲ?" ಟಕ್ ಅಂತು ಎನ್ನಬೇಕು. "ಎಡ?" ಅದಕ್ಕೂ ಟಕ್ ಅಂತು ಎನ್ನಬೇಕು. "ಆಯ್ತಾ? ಆಯ್ತು," ಎಂದು ತಾವೇ ಕೇಳಿ ತಾವೇ ಉತ್ತರಿಸಿ ಮುಂದಿನವರ ಎದುರಿಗೆ ಸರಿಯುತ್ತಿದ್ದರು. ಒಮ್ಮೆ ಯಾರೋ ದೊಡ್ಡ ಅಧಿಕಾರಿ, "ಇದೇನ್ರೀ ಮಕ್ಕಳಾಟ, ನಾನು ಊದಲ್ಲ," ಅಂದರಂತೆ. ಮೇಡಂ ಇಂಜಿನ್ ನಿಲ್ಲಿಸಲು ಹೇಳಿ ಅವರೆದುರು ಸುಮ್ಮನೆ ಕೂತರಂತೆ. ಅಲೆಯ ಮೇಲೆ ದೋಣಿ ತೂಗಿ ತೂಗಿ, ಅಧಿಕಾರಿಗೆ ಹೊಟ್ಟೆ ತೊಳಸತೊಡಗಿದ ಮೇಲೆ ಊದಿದರಂತೆ. ದೋಣಿಯ ಚಾಲಕರು ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಚಿಕ್ಕಮ್ಮ. ಹತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟು, ಒಂದು ವರ್ಷದಿಂದ ಮನೆಯ ಬಾಗಿಲು ದಾಟದೆ ಕೂತಿದ್ದ ನನಗೆ ಸ್ವಲ್ಪ ಗಾಳಿ ಬೆಳಕು ತಾಗಲಿ ಎಂದು ಅವರ ಆಸೆ. ಚಿಕ್ಕಪ್ಪನಿಗೆ ನಂಬಿಕೆ ಇರಲಿಲ್ಲ. "ನೋಡ್ತಾ ಇರು, ಎರಡನೇ ದಿನಕ್ಕೆ ತಲೆನೋವು ಅಂತಾಳೆ. ಇವಳು ಯಾವುದನ್ನ ಪೂರ್ತಿ ಮಾಡಿದ್ದಾಳೆ?" ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ್ದರು.

ಮೊದಲ ದಿನ ಸೊಂಟದೆತ್ತರದ ನೀರಿನಲ್ಲಿ ಪಾಠ. ಮೇಡಂ ಮಾತಿಗಿಂತ ಹೆಚ್ಚು ಕೈಯಲ್ಲೇ ಹೇಳುತ್ತಿದ್ದರು. ದಡದಲ್ಲೂ ಅವರಿಗೆ ಅದೇ ಅಭ್ಯಾಸ. ಚಹಾ ಸಾಕು ಎನ್ನುವುದಕ್ಕೂ ಅಂಗೈ ಅಡ್ಡ ಹಿಡಿಯುತ್ತಿದ್ದರು. ಎದುರಿಗಿರುವವರ ಮುಖ ನೋಡಿ ಮಾತನಾಡಬೇಕಾದ ಕಷ್ಟವೇ ಇಲ್ಲದ ಇಂಥ ತರಗತಿಯನ್ನು ನಾನು ಎಂದೂ ಕಂಡಿರಲಿಲ್ಲ. ಪಾಠ ಮುಗಿದಾಗ ಅವರು ನನ್ನ ಬೆನ್ನಿನ ಪಟ್ಟಿ ಬಿಚ್ಚುತ್ತ, "ನೀನು ಒಳ್ಳೇ ವಿದ್ಯಾರ್ಥಿ ಕಣೇ. ಹೇಳಿದ್ದು ಒಂದೇ ಸಲಕ್ಕೆ ಹಿಡೀತೀಯ," ಎಂದರು. ಆ ಮಾತನ್ನು ರಾತ್ರಿಯವರೆಗೂ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಎರಡನೇ ದಿನ ನಿಜವಾಗಿ ಕೆಳಗಿಳಿದೆವು. ಅವರ ಕಟ್ಟುನಿಟ್ಟಿನ ನಿಯಮ ಒಂದೇ: ನೀರಿನೊಳಗೆ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು, ಯಾವ ಪ್ರಾಣಿಯನ್ನೂ ಮುಟ್ಟಬಾರದು. ಕಲ್ಲಿನ ಬಣ್ಣವನ್ನೇ ಹೊದ್ದು ಕೂತಿದ್ದ ಆಕ್ಟೋಪಸ್ಸನ್ನು ತೋರಿಸಿದರು. ಮುದುಕರಂತೆ ಕಣ್ಣು ಮುಚ್ಚಿ ತೆರೆಯುವ ದೊಡ್ಡ ಆಮೆಯೊಂದು ಪಕ್ಕದಲ್ಲೇ ಹಾದು ಹೋದಾಗ ಚಿಕ್ಕಪ್ಪ ಅದರ ಬೆನ್ನು ಸವರಲು ಕೈ ಚಾಚಿದರು. ಮೇಡಂ ಆ ಕೈ ಮೇಲೆ ಪಟ್ ಎಂದು ಹೊಡೆದರು. ದೋಣಿಗೆ ಹತ್ತಿದ ಮೇಲೆ, "ನಿಮ್ಮ ಮನೆಗೆ ಬಂದವರು ನಿಮ್ಮ ಬೆನ್ನು ಸವರ್ತಾರಾ?" ಎಂದು ಕೇಳಿದರು. ಚಿಕ್ಕಮ್ಮ ನಕ್ಕು ನಕ್ಕು ಸುಸ್ತಾದರು.

ನಮ್ಮ ಜೊತೆಗೆ ಒಬ್ಬ ಹಲ್ಲಿನ ಡಾಕ್ಟರ್ ಮತ್ತು ಅವರ ಹೆಂಡತಿ ಇದ್ದರು. ಡಾಲ್ಫಿನ್ ನೋಡಲೆಂದೇ ಮೂರನೇ ವರ್ಷ ಬಂದವರು, ಇನ್ನೂ ಒಂದನ್ನೂ ಕಂಡಿರಲಿಲ್ಲ. "ಎಷ್ಟು ಗಂಟೆಗೆ ಬರ್ತವೆ ಮೇಡಂ?" ಎಂದು ಆ ಹೆಂಗಸು ಕೇಳಿದಾಗ, "ನೀವು ಬಂದಿರೋದು ನಾನು ಅವಕ್ಕೆ ಹೇಳಿಲ್ಲಮ್ಮ," ಎಂದಿದ್ದರು ಮೇಡಂ. ಬೇರೆ ದೋಣಿಯವರು ಸಿಲಿಂಡರಿಗೆ ಕಬ್ಬಿಣ ಬಡಿದು ಸದ್ದು ಮಾಡುತ್ತಾರೆ, ಮೀನು ಎಸೆಯುತ್ತಾರೆ. ಇವರು ಮರಳಿನ ಮೇಲೆ ನಮ್ಮನ್ನು ಮಂಡಿಯೂರಿ ಕೂರಿಸಿ, ಸುಮ್ಮನೆ ಕಾಯಿಸುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ಏಳುವಾಗ ನನ್ನ ಮೂಗು ಕಟ್ಟಿತ್ತು. ಹಿಂದಿನ ಸಂಜೆ ಒದ್ದೆ ಕೂದಲಲ್ಲೇ ಫ್ಯಾನಿನ ಕೆಳಗೆ ಮಲಗಿದ್ದೆ. ತಿಂಡಿಯ ಮೇಜಿನಲ್ಲಿ ಚಿಕ್ಕಪ್ಪ ನನ್ನನ್ನು ನೋಡಿ, "ಏನಮ್ಮ, ತಲೆನೋವು ಶುರುವಾಯ್ತಾ?" ಎಂದು ತಮಾಷೆ ಮಾಡಿದರು. ಇಲ್ಲ ಎಂದೆ. ಚಿಕ್ಕಮ್ಮ ಅಂದು ದಡದಲ್ಲೇ ಉಳಿದರು. ದೋಣಿಯಲ್ಲಿ ಮೇಡಂ ನನ್ನೆದುರು ಕುಕ್ಕರಗಾಲಲ್ಲಿ ಕೂತರು. ಊದಿದೆ. ಕಿವಿಯೊಳಗೆ ಏನೂ ಆಗಲಿಲ್ಲ. ಹತ್ತಿ ತುಂಬಿದ ಹಾಗಿತ್ತು.

"ಬಲ?"

"ಟಕ್ ಅಂತು."

"ಎಡ?"

"ಟಕ್ ಅಂತು."

ಬರೆದು ಕೊಟ್ಟ ಹಾಳೆಯನ್ನೂ ನಂಬದ ಅವರು ನನ್ನನ್ನು ನಂಬಿದರು. "ಆಯ್ತಾ? ಆಯ್ತು," ಎಂದು ಮುಂದಕ್ಕೆ ಸರಿದರು.

ದೋಣಿಯಿಂದ ಇಳಿಬಿಟ್ಟ ಹಗ್ಗ ಹಿಡಿದು ಇಳಿಯುತ್ತಿದ್ದಂತೆ ಮೊದಲ ಕೆಲವು ಅಡಿಗಳಲ್ಲೇ ಕಿವಿಗೆ ಸೂಜಿ ಚುಚ್ಚಿದಂತಾಯಿತು. ನೋವಾದರೆ ನಿಲ್ಲಬೇಕು, ಕೈಯಲ್ಲಿ ಕಿವಿ ತೋರಿಸಬೇಕು ಎಂದು ಕಲಿಸಿದ್ದರು. ನಾನು ನಿಲ್ಲಲಿಲ್ಲ, ತೋರಿಸಲಿಲ್ಲ. ಇನ್ನೂ ಇಳಿದು ಮರಳಿನ ಮೇಲೆ ಮಂಡಿಯೂರಿದಾಗ ಕಣ್ಣು ಮೂಗು ಮುಚ್ಚುವ ಗಾಜಿನೊಳಗೆ ಏನೋ ಕೆಂಪಾಗಿ ಇಳಿಯಿತು, ಮೂಗಿನಿಂದ ರಕ್ತ. ಮೇಡಂ ತಕ್ಷಣ ಬಂದು ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣು ನನ್ನ ಕಣ್ಣಿಗೆ ತೀರ ಹತ್ತಿರವಿತ್ತು. ಎಲ್ಲ ತಿಳಿಯಿತು ಅವರಿಗೆ. ಒಂದೇ ಒಂದು ಗುಂಪು, ಒಬ್ಬರೇ ಮಾರ್ಗದರ್ಶಿ. ಒಬ್ಬರು ಮೇಲೆ ಹೋದರೆ ಎಲ್ಲರೂ ಹೋಗಬೇಕು. ಅವರು ಎಲ್ಲರಿಗೂ ಮೇಲೇಳುವ ಸನ್ನೆ ಮಾಡಿದರು.

ಆಗಲೇ ಅವು ಬಂದವು. ಡಾಕ್ಟರ್ ದಂಪತಿ ಮತ್ತು ಚಿಕ್ಕಪ್ಪ ನಮ್ಮ ಕಡೆಗೆ ಮುಖ ಮಾಡಿ ಹಗ್ಗ ಹಿಡಿದಿದ್ದರು. ಅವರ ಬೆನ್ನ ಹಿಂದೆ, ಮಸುಕು ನೀಲಿಯಲ್ಲಿ, ಮೂರು ಡಾಲ್ಫಿನ್‌ಗಳು ಮತ್ತು ತಾಯಿಯ ಹೊಟ್ಟೆಗಂಟಿಕೊಂಡ ಒಂದು ಮರಿ. ಯಾವ ಅವಸರವೂ ಇಲ್ಲದೆ ತಿರುಗಿ, ನಮ್ಮನ್ನು ನೋಡಿ, ಹೋದವು. ನಾನು ನೋಡಿದೆ. ಮೇಡಂ ಕೂಡ ನೋಡಿದರು. ಉಳಿದವರಿಗೆ ತೋರಿಸಲು ಅವರಿಗೊಂದು ಕೈ ಬೇಕಿತ್ತು. ಒಂದು ಕೈ ಹಗ್ಗದ ಮೇಲಿತ್ತು, ಇನ್ನೊಂದು ನನ್ನ ಮಣಿಕಟ್ಟಿನ ಮೇಲೆ. ಎರಡನ್ನೂ ಬಿಡಲಿಲ್ಲ.

ನೀರಿನ ಮೇಲೆ ಬಂದ ಕೂಡಲೇ ಅವರು ನನ್ನ ಗಾಜನ್ನು ಕಿತ್ತು, ಅಲೆಯಲ್ಲೇ ಅದ್ದಿ ತೊಳೆದರು. "ಮುಖ ತೊಳ್ಕೋ," ಎಂದರು ಮೆಲ್ಲಗೆ. ದೋಣಿ ಹತ್ತುವಷ್ಟರಲ್ಲಿ ಡಾಕ್ಟರ ಹೆಂಡತಿ ಸಿಡಿದರು: "ಐದು ನಿಮಿಷಕ್ಕೇ ಮೇಲೆ ಕರ್ಕೊಂಡ್ ಬಂದ್ರಲ್ಲ, ಯಾಕ್ರೀ?"

ಮೇಡಂ ಕೋಟಿನ ತೋಳಿಗೆ ಕೈ ತೂರಿಸುತ್ತ ಹೇಳಿದರು: "ನನ್ನ ಕಿವಿ ಕಟ್ಕೊಂತಮ್ಮ. ತಪ್ಪು ನಂದು."

ದಡಕ್ಕೆ ಬಂದ ಮೇಲೆ ನನ್ನನ್ನು ಸಿಲಿಂಡರುಗಳ ಮರೆಗೆ ಕರೆದು ಹೇಳಿದ್ದು ಇಷ್ಟೆ: "ಇವತ್ತೇ ಕಿವಿ ತೋರಿಸ್ಬೇಕು. ಚಿಕ್ಕಮ್ಮನಿಗೆ ನೀನೇ ಹೇಳು." ನಾನು ಚಿಕ್ಕಮ್ಮನಿಗೆ ಕಿವಿ ನೋವು ಎಂದು ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಅಲ್ಲಿನ ಆಸ್ಪತ್ರೆಯ ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ, ಪರದೆ ಹರಿದಿಲ್ಲ, ಊದಿಕೊಂಡಿದೆ ಎಂದು ಮಾತ್ರೆ ಕೊಟ್ಟರು. "ಪಾಪ, ಆದ್ರೂ ಹಟ ಮಾಡಿ ಇಳಿದಳಲ್ಲ," ಎಂದು ಚಿಕ್ಕಪ್ಪ ಮೊದಲ ಸಲ ನನ್ನನ್ನು ಹೊಗಳಿದರು. ನಾನು ಅದನ್ನೂ ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಮರೆತಿದ್ದ ಚಪ್ಪಲಿ ತರಲು ಅವರೊಂದಿಗೆ ಸಿಲಿಂಡರುಗಳನ್ನು ಇಡುವ ಶೆಡ್ಡಿಗೆ ನಾನೂ ಹೋದಾಗ ದೋಣಿಯ ಮಾಲೀಕರು ಮೇಡಂ ಎದುರು ನಿಂತಿದ್ದರು. ಡಾಕ್ಟರ್ ದಂಪತಿ ದೂರು ಕೊಟ್ಟಿದ್ದರು.

"ಕಿವಿ ಕೈಕೊಡ್ತು ಅಂತ ನೀವೇ ಹೇಳಿದ್ರಂತಲ್ಲ ಮೇಡಂ. ನಾಳೆ ಕೆಳಗೆ ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಇಳಿಯೋದು ಸಾಕು. ಕೌಂಟರಲ್ಲಿ ಕೂತ್ಕೊಳ್ಳಿ."

"ಒಂದು ದಿನದ ಮಾತಿಗಾ?"

"ವಯಸ್ಸಿನ ಮಾತು ಮೇಡಂ."

ಮೇಡಂ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೇನೋ ಎಂದು ಆಮೇಲೆ ಬಹಳ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ, ಅದೂ ಸುಳ್ಳು. ನಾಲಗೆಯ ಮೇಲೆ ವಾಕ್ಯ ಪೂರ್ತಿ ಸಿದ್ಧವಾಗಿತ್ತು. ಪಕ್ಕದಲ್ಲಿ ಚಿಕ್ಕಪ್ಪ ಇದ್ದರು. ನಾನು ಚಪ್ಪಲಿ ಎತ್ತಿಕೊಂಡು ಹೊರಗೆ ಬಂದೆ.

ಅದರ ಮಾರನೆಯ ದಿನ, ಊರಿಗೆ ಹೊರಡುವ ಕಾರಿಗೆ ಚೀಲಗಳನ್ನು ತುಂಬುತ್ತಿದ್ದಾಗ, ಯಾರಿಗೂ ಹೇಳದೆ ಓಡಿಹೋಗಿ ಮಾಲೀಕರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನೆಗಡಿ, ಸುಳ್ಳು, ರಕ್ತ, ಎಲ್ಲ. ಅವರು ತಾಳ್ಮೆಯಿಂದ ಕೇಳಿ, ನಕ್ಕು, ಕೌಂಟರಿನತ್ತ ತಿರುಗಿದರು. "ಏನ್ ಮೇಡಂ, ಹುಡುಗಿಗೆ ಚೆನ್ನಾಗಿ ಹೇಳ್ಕೊಟ್ಟಿದ್ದೀರಿ!"

ಎರಡು ದಿನ ತಡವಾದ ನಿಜ ಹೇಳಿಕೊಟ್ಟ ಪಾಠದ ಹಾಗೆ ಕೇಳಿಸುತ್ತದೆ ಎಂದು ನಾನು ಎಣಿಸಿರಲಿಲ್ಲ. ಮೇಡಂ ಎದ್ದು ಬಂದು ನನ್ನನ್ನು ಹೊರಗಿನ ಮೆಟ್ಟಿಲವರೆಗೆ ಬಿಟ್ಟರು. ನಾನು ಅಳುತ್ತಿದ್ದೆ. ಅವರು ಕಣ್ಣೊರೆಸಲಿಲ್ಲ, ಬೈಯಲೂ ಇಲ್ಲ. "ನಿನ್ನೆ ಹೇಳಿದ್ರೆ ನಂಗೆ ಉಪಯೋಗ ಆಗ್ತಿತ್ತು," ಎಂದರು. "ಇವತ್ತು ಹೇಳಿದ್ದು ನಿಂಗೆ ಉಪಯೋಗ. ಹೋಗು, ಕಾರು ಕಾಯ್ತಿದೆ."

ಅಂಥವರನ್ನು ದೊಡ್ಡ ಮನಸ್ಸಿನವರು ಎಂದು ಹೊಗಳಿ ಮುಗಿಸುವುದು ನಮಗೆ ಸುಲಭ. ನನಗೀಗ ಅನಿಸುವುದು ಬೇರೆ. ಜನರನ್ನು ಜೀವಸಹಿತ ಮೇಲೆ ತರುವುದನ್ನೇ ಕಸುಬು ಮಾಡಿಕೊಂಡವರಿಗೆ ತಪ್ಪು ಯಾರದು ಎಂಬುದು ಆ ಗಳಿಗೆಯ ಪ್ರಶ್ನೆಯಲ್ಲ. ಹೆದರಿದವರನ್ನು ಇನ್ನಷ್ಟು ಹೆದರಿಸಬಾರದು, ಅಷ್ಟೆ. ಅದಕ್ಕೆ ತಕ್ಷಣ ಕೈಗೆ ಸಿಕ್ಕಿದ್ದನ್ನು, ತಮ್ಮ ಹೆಸರನ್ನೇ ಆದರೂ, ಅಡ್ಡ ಹಿಡಿಯುತ್ತಾರೆ. ನೀರಿನೊಳಗೆ ಒಬ್ಬರ ಉಸಿರನ್ನು ಇನ್ನೊಬ್ಬರು ನೋಡಿಕೊಳ್ಳಬೇಕೆಂಬ ನಿಯಮ ದಡದ ಮೇಲೂ ಇದೆ ಎಂದು ಅವರು ನಂಬಿರುತ್ತಾರೆ. ತಮ್ಮ ಸರದಿ ಮುಗಿಯಿತು, ಇನ್ನು ಎದುರಿಗಿರುವವರ ಸರದಿ ಎಂದು ಸುಮ್ಮನೆ ಕಾಯುತ್ತಾರೆ. ಅವರು ಮೋಸ ಹೋಗುವುದು ಸಮುದ್ರದಲ್ಲಲ್ಲ. ನೆಲದ ಮೇಲೆ, ನಮ್ಮಂಥವರ ಪಕ್ಕದಲ್ಲಿ ನಿಂತಾಗ.