ಹಿಡಿಕೆಯ ಹಿಂದಿನ ಗೀರು

ಮಗಳನ್ನು ಕೊಡುವಾಗ ಮಾವನವರು ಅಷ್ಟೇನೂ ಯೋಚಿಸಿರಲಿಲ್ಲ. ಹುಡುಗ ಒಳ್ಳೆಯವನಂತೆ ಕಾಣುತ್ತಾನೆ, ಆಗಲಿ ಎಂದಿದ್ದರು. ಕಾರಿನ ಕೀಲಿ ಕೊಡುವುದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು.

ಆ ಬೆಳಿಗ್ಗೆ ಹಳೆಯ ಸಹೋದ್ಯೋಗಿಗಳ ಕೂಟಕ್ಕೆಂದು ಸ್ನೇಹಿತರ ಗಾಡಿಯಲ್ಲಿ ಹೊರಟವರು, ಗೇಟಿನವರೆಗೆ ಹೋಗಿ ಮತ್ತೆ ಒಳಗೆ ಬಂದರು. ಅಳಿಯನ ಅಂಗೈಯಲ್ಲಿ ಕೀಲಿ ಇಟ್ಟು, "ನಿಮ್ಮತ್ತೆಗೆ ಮಾರ್ಕೆಟ್ಟಿಗೆ ಹೋಗಬೇಕಂತೆ. ನೋಡ್ಕೊಂಡು ಓಡ್ಸಿ. ಸಂಜೆ ಬರ್ತೀನಿ, ಎಲ್ಲಾ ಸೇರಿ ಹೊರಗೆ ಊಟಕ್ಕೆ ಹೋಗೋಣ" ಎಂದರು. ಅಳಿಯನಿಗೆ ಎದೆಯುಬ್ಬಿತು. ಈ ಕೀಲಿ ಇನ್ನೊಮ್ಮೆ ತನ್ನ ಕೈಗೆ ಬರುತ್ತದೋ ಇಲ್ಲವೋ ಎಂಬುದು ಇವತ್ತಿನ ಮೇಲೆ ನಿಂತಿದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾರು ಹಳೆಯದು, ಕಡುಗಪ್ಪು. ಮಾವನವರು ಅದಕ್ಕೆ ಮಾಡುವ ಆರೈಕೆಯ ಅರ್ಧದಷ್ಟನ್ನೂ ತಮ್ಮ ಮೊಣಕಾಲಿಗೆ ಮಾಡಿದವರಲ್ಲ. ಅತ್ತೆಯವರು ಕಾರಿನ ಹತ್ತಿರ ಹೋದರೆ ಸಾಕು, "ತಡಿ, ತಡಿ" ಎನ್ನುತ್ತ ಓಡಿ ಬಂದು ತಾವೇ ಬಾಗಿಲು ತೆಗೆಯುತ್ತಿದ್ದರು. ಇಳಿಯುವಾಗಲೂ ಅಷ್ಟೇ. ಇದನ್ನು ಕಂಡು ಬೀದಿಯ ಹೆಂಗಸರೆಲ್ಲ ತಮ್ಮ ಗಂಡಂದಿರಿಗೆ ಬುದ್ಧಿ ಹೇಳುತ್ತಿದ್ದರು. ಅಳಿಯನೂ ಮದುವೆಯಾದ ವಾರದಲ್ಲೇ ಹೆಂಡತಿಯಿಂದ "ನಮ್ಮಪ್ಪನ್ನ ನೋಡಿ ಕಲೀರಿ" ಎಂದು ಹೇಳಿಸಿಕೊಂಡಿದ್ದ, ಆದರೆ ಇನ್ನೂ ಕಲಿತಿರಲಿಲ್ಲ.

ಮಾರ್ಕೆಟ್ಟಿನ ಕೆಲಸ ಸುಸೂತ್ರವಾಗಿ ಮುಗಿಯಿತು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಮನೆ ಮುಂದೆ ನಿಲ್ಲಿಸಿ ನೋಡಿದರೆ ಬಾನೆಟ್ಟಿನ ಮೇಲೆ ಧೂಳು ಕೂತಿತ್ತು. ಮಾವ ಬರುವಷ್ಟರಲ್ಲಿ ಫಳಫಳ ಹೊಳೆಸಿಬಿಡೋಣ ಎಂಬ ಭಕ್ತಿ ಉಕ್ಕಿ ಬಂದು, ಹಗ್ಗದ ಮೇಲೆ ಒಣಗುತ್ತಿದ್ದ ಒರಟು ಟವೆಲ್ಲನ್ನು ಎಳೆದುಕೊಂಡು, ನೀರು ಸೋಕಿಸದೆ ಧೂಳಿನ ಮೇಲೆಯೇ ಗರಗರ ಸುತ್ತಿಸಿ ಉಜ್ಜಿದ. ಧೂಳೇನೋ ಹೋಯಿತು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು. ಬಾನೆಟ್ಟಿನ ತುಂಬ ಜೇಡರ ಬಲೆ ಹರಡಿದಂತೆ ಸಣ್ಣ ಸಣ್ಣ ಸುತ್ತುಗೀರುಗಳು ಎದ್ದು ಕಂಡವು.

ಅಳಿಯ ಟವೆಲ್ಲನ್ನು ಬೆನ್ನ ಹಿಂದೆ ಅಡಗಿಸಿದ.

ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಕತ್ತು ಚಾಚಿ ನೋಡಿದರು. "ರಂಗೋಲಿ ಚೆನ್ನಾಗಿ ಬಂದಿದೆ" ಎಂದರು.

"ಅತ್ತೆ, ಮಾವನಿಗೆ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಅವರಿಗೇನು ಕಣ್ಣಿಲ್ವಾ?"

ಹೆಂಡತಿ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಬಾನೆಟ್ಟನ್ನು ನೋಡಿದಳು. "ಪಾತ್ರೆ ತೊಳೆಯೋಕೆ ಹೇಳಿದಾಗ ಈ ಕೈಯಲ್ಲಿ ಇಷ್ಟು ಶಕ್ತಿ ಇರಲ್ವಲ್ಲ" ಎಂದಳು.

ಅಳಿಯ ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಗೆಳೆಯನಿಗೆ ಫೋನು ಮಾಡಿದ. ಗೆಳೆಯ ಮೊದಲು ಮನಸಾರೆ ನಕ್ಕ. ಆಮೇಲೆ, "ಉಗುರಿಂದ ಸವರಿ ನೋಡು, ಸಿಕ್ಕಿಹಾಕ್ಕೊಳತ್ತಾ?" ಎಂದು ಕೇಳಿದ. ಉಗುರು ಎಲ್ಲೂ ತಡೆಯಲಿಲ್ಲ. "ಹಾಗಾದ್ರೆ ಬದುಕಿದೆ. ಗೀರು ಮೇಲಿನ ಪದರದಲ್ಲಷ್ಟೇ ಇದೆ. ಬಂದು ಪಾಲಿಷ್ ಮೆಷೀನು ತಗೊಂಡು ಹೋಗು. ಆದ್ರೆ ಮೊದಲು ತೊಳಿ. ತೊಳಿ ಅಂದ್ರೆ ನೀರಲ್ಲಿ."

ಗ್ಯಾರೇಜಿಗೆ ಓಡಿ ಮೆಷೀನು, ಪಾಲಿಷ್ ತಂದದ್ದೇ ಅಳಿಯನ ತಪಸ್ಸು ಶುರುವಾಯಿತು. ಕಾರನ್ನು ನೆರಳಿಗೆ ತಳ್ಳಿದ. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ನೇರವಾಗಿ ಸವರಿ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರು ಹೀರಿಸಿದ. ಬಾನೆಟ್ಟಿನ ಒಂದು ಮೂಲೆಗೆ ಪಾಲಿಷನ್ನು ತುಸುವೇ ಹಚ್ಚಿ ಮೆಷೀನನ್ನು ನಿಧಾನವಾಗಿ ಅಡ್ಡ, ಉದ್ದ ಆಡಿಸಿದ. ಒರೆಸಿ ಬಗ್ಗಿ ನೋಡಿದರೆ ಆ ಮೂಲೆಯಲ್ಲಿ ಬಲೆ ಮಾಯವಾಗಿ ಅವನದೇ ಬೆವರಿದ ಮುಖ ಕಾಣಿಸಿತು. ಅಷ್ಟು ಚೆಂದವಾಗಿ ತಾನು ಯಾವ ಕನ್ನಡಿಯಲ್ಲೂ ಕಂಡಿಲ್ಲ ಎನ್ನಿಸಿತು.

ಊಟದ ಹೊತ್ತಿಗೆ ಹೆಂಡತಿ ಕರೆದಳು, ಅವನು ಹೋಗಲಿಲ್ಲ. ತಟ್ಟೆ ತಂದು ಬಾನೆಟ್ಟಿನ ಮೇಲೆ ಇಡುವವಳಂತೆ ನಟಿಸಿದಾಗ ಮಾತ್ರ ಎದ್ದ. ಮಧ್ಯಾಹ್ನ ಅತ್ತೆ ಒಳಗೆ ಹೋಗಿ ಮಲಗಿದರು. ಬಾನೆಟ್ಟು ಮುಗಿಯಿತು. ಬಿಸಿಲಿಗೆ ತಂದು ಎಲ್ಲ ಕಡೆಯಿಂದಲೂ ನೋಡಿದ, ಒಂದೂ ಗೀರಿರಲಿಲ್ಲ.

ಕೆಲಸ ಕೈಹಿಡಿದ ಮನುಷ್ಯ ಸುಮ್ಮನಿರುವುದುಂಟೇ? ಇನ್ನೆಲ್ಲಾದರೂ ಗೀರು ಸಿಕ್ಕೀತೇ ಎಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ಅತ್ತೆ ಯಾವಾಗಲೂ ಕೂರುವ ಹಿಂದಿನ ಸೀಟಿನ ಬಾಗಿಲಿನಲ್ಲಿ, ಹಿಡಿಕೆಯ ಹಿಂದಿನ ಕುಳಿಯಲ್ಲಿ, ಒಂದರ ಮೇಲೊಂದು ಹಳೆಯ ಗೀರುಗಳು ಕಂಡವು. ಇವನ್ನೂ ತೆಗೆದುಬಿಟ್ಟರೆ ಮಾವ ತನ್ನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ ಎಂದುಕೊಂಡು, ಬೆರಳಿಗೆ ಬಟ್ಟೆ ಸುತ್ತಿ, ಪಾಲಿಷ್ ಹಚ್ಚಿ, ಕೈ ಸೋಲುವ ತನಕ ಉಜ್ಜಿದ. ಕುಳಿ ಹೊಸ ಕಾರಿನದರಂತಾಯಿತು.

ಅತ್ತೆ ಎದ್ದು ಬಂದಾಗ ಅವನು ಬೀಗುತ್ತ ಬಾಗಿಲು ತೋರಿಸಿದ. ಅತ್ತೆ ಬಗ್ಗಿ ನೋಡಿದರು. ಬಾಯಿಗೆ ಬಂದಿದ್ದ ತಮಾಷೆಯ ಮಾತು ಅಲ್ಲೇ ನಿಂತುಹೋಯಿತು.

"ಅದನ್ನ ಯಾಕಪ್ಪ ತೆಗೆದ್ರಿ?"

"ಗೀರಲ್ವಾ ಅತ್ತೆ?"

"ಗೀರೇ. ನನ್ನ ಉಂಗುರದ್ದು." ಅವರು ಬೆರಳಿನ ಉಂಗುರ ತಿರುಗಿಸುತ್ತ ಜಗಲಿಯ ಮೆಟ್ಟಿಲಿನ ಮೇಲೆ ಕೂತರು. "ಕಾರು ತಂದ ಹೊಸದರಲ್ಲೇ ಗೀರಿದ್ದು. ಅವತ್ತು ಮನೇಲಿ ದೊಡ್ಡ ರಾಮಾಯಣ ಆಯ್ತು. ಇನ್ಮೇಲೆ ನೀನು ಬಾಗಿಲು ಮುಟ್ಟಬೇಡ, ನಾನೇ ತೆಗೀತೀನಿ ಅಂದ್ರು. ಅವತ್ತಿಂದ ತೆಗೀತಾನೇ ಇದಾರೆ. ತೆಗೆಯೋವಾಗ ಒಂದ್ಸಲ ಆ ಗೀರು ನೋಡ್ತಾರೆ, ಒಂದ್ಸಲ ನನ್ನ ನೋಡ್ತಾರೆ. ಆಮೇಲೇ ನಾನು ಕೂರೋದು."

ಹೆಂಡತಿ ನಗಲು ಹೋಗಿ ಅಮ್ಮನ ಮುಖ ನೋಡಿ ಸುಮ್ಮನಾದಳು. ಅಪ್ಪನ ದೊಡ್ಡತನವೆಂದು ಬೀದಿಯೆಲ್ಲ ಹೊಗಳಿದ್ದು ನಿಜಕ್ಕೂ ಕಾರಿನ ಬಣ್ಣದ ಮೇಲಿನ ಕಾಳಜಿಯಾಗಿತ್ತು.

"ಬೀದಿಯವರು ಏನೇನೋ ಅಂದ್ಕೋತಾರೆ" ಎಂದರು ಅತ್ತೆ. "ನನಗೆ ಗೊತ್ತು, ಅದು ಕಾರಿಗೋಸ್ಕರ. ಆದ್ರೂ ಅಭ್ಯಾಸ ಆಗಿತ್ತು ನೋಡಿ. ಈಗ ಗೀರೇ ಇಲ್ಲ ಅಂದ್ಮೇಲೆ ನೆಪ ಎಲ್ಲಿದೆ?"

ಅಳಿಯನಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಾನೆಟ್ಟಿನ ಭಯ ಹಾರಿಹೋಗಿತ್ತು. ಅತ್ತೆಯ ಆ ಮುಖ ನೋಡುವುದು ಅದಕ್ಕಿಂತ ಕಷ್ಟವಾಗಿತ್ತು. ಒಂದು ಕ್ಷಣ ಮೊಳೆಯೊಂದನ್ನು ತಂದು ತಾನೇ ಗೀರಿಬಿಡಲೇ ಎಂದೂ ಯೋಚಿಸಿದ.

ಸಂಜೆ ಮಾವ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾನೆಟ್ಟಿನ ಮುಂದೆ ನಿಂತು, "ಪರವಾಗಿಲ್ವೇ, ನೀರಲ್ಲೇ ತೊಳೆದಂಗಿದೆ" ಎಂದರು. ಅತ್ತೆ ಬೇರೆ ಕಡೆ ನೋಡಿದರು. ಅಳಿಯ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಅತ್ತೆಯ ಬಾಗಿಲಿನ ಬಳಿ ಬಂದಿದ್ದರು. ಅಲ್ಲೇ ನಿಂತರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಕುಳಿಯೊಳಗೆ ಬೆರಳಾಡಿಸಿದರು.

"ಹೋಯ್ತಾ?" ಎಂದರು, ಮೆಲ್ಲಗೆ.

"ನಾನೇ ತೆಗೆದೆ ಮಾವ" ಎಂದ ಅಳಿಯ.

ಮಾವ ನೆಟ್ಟಗಾದರು. ಕೀಲಿಗೆ ಕೈಚಾಚಿದರು, ಅಳಿಯ ಕೊಟ್ಟ. ಮುಗಿಯಿತು, ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ ಎಂದುಕೊಂಡ. ಅತ್ತೆ ಸೀರೆಯ ಸೆರಗು ಸರಿಮಾಡಿಕೊಂಡು ಬಂದು, ಯಾರಿಗೂ ಕಾಯದೆ, ತಾವೇ ಹಿಡಿಕೆಗೆ ಕೈ ಹಾಕಲು ಹೋದರು.

"ತಡಿ, ತಡಿ" ಎಂದರು ಮಾವ.

"ಗೀರು ಹೋಯ್ತಲ್ಲ. ಇನ್ಯಾಕೆ?"

"ಹೋಗಿದ್ದಕ್ಕೇ. ಈಗ ಹೊಸದಾಗಿದೆ, ಇನ್ನೂ ಜೋಪಾನ ಮಾಡ್ಬೇಕು." ಮಾವ ಬಾಗಿಲು ತೆಗೆದು ಹಿಡಿದು ನಿಂತರು. ನೋಡಲು ಗೀರಿರಲಿಲ್ಲವಾದ್ದರಿಂದ ಎರಡೂ ಸಲ ಅತ್ತೆಯನ್ನೇ ನೋಡಿದರು. ಅತ್ತೆ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಒಳಗೆ ಕೂತರು.

ಮಾವ ಬಾಗಿಲು ಹಾಕಿ, ಆ ಕಡೆಯಿಂದ ಸುತ್ತಿ ಬಂದು ಅತ್ತೆಯ ಪಕ್ಕದಲ್ಲಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಕಿಟಕಿಯಿಂದ ಕೀಲಿ ಹೊರಗೆ ಚಾಚಿ, "ಅಳಿಯಂದಿರೇ, ನೀವೇ ಓಡ್ಸಿ" ಎಂದರು.

ಅಳಿಯ ಸಂಭ್ರಮದಿಂದ ಡ್ರೈವರ್ ಬಾಗಿಲಿಗೆ ಕೈ ಹಾಕಿದ.

"ಉಂಗುರ" ಎಂದರು ಮಾವ.

ಅವನು ಮದುವೆಯ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಏನೋ ನೆನಪಾಗಿ, ಕಾರಿನ ಆಚೆ ಬದಿಯಲ್ಲಿ ಆಗಿನಿಂದ ಕೈಕಟ್ಟಿ ಕಾಯುತ್ತಿದ್ದ ಹೆಂಡತಿಗೆ ಬಾಗಿಲು ತೆಗೆಯಲು ಓಡಿದ.